ಒಂದು ಸುತ್ತು ಹಿಂದೆ

ಹನ್ನೆರಡು ಗಂಟೆ ಬಿಡದೆ ಸೈಕಲ್ ತುಳಿದ ಮೇಲೆ ಫ್ರೆಡ್ರಿಕ್ ಕೀಪಿಂಗ್ ಎಂಬ ಇಂಗ್ಲಿಷ್ ಯುವಕ ಒಂದೇ ಒಂದು ಸುತ್ತಿನಿಂದ ಸೋತ. 1896ರ ಏಪ್ರಿಲ್ 13ರ ಮಾತು. ಮೊದಲ ಆಧುನಿಕ ಒಲಿಂಪಿಕ್ಸ್. ಅಥೆನ್ಸಿನ ಪಕ್ಕದ ನಿಯೋ ಫಾಲಿರೋ ಎಂಬಲ್ಲಿ, ಸಮುದ್ರಕ್ಕೆ ಹತ್ತಿರವಾಗಿ, ಸೈಕಲ್ ಸ್ಪರ್ಧೆಗೆಂದೇ ಕಟ್ಟಿದ ಕಣ. ಒಂದು ಸುತ್ತಿಗೆ 333 ಮೀಟರ್ ಮತ್ತು ಚಿಲ್ಲರೆ. ಬೆಳಗಿನ ಐದಕ್ಕೆ ಹೊರಟವರು ಸಂಜೆ ಐದರವರೆಗೆ ಸುತ್ತುತ್ತಲೇ ಇರಬೇಕು, ಯಾರು ಹೆಚ್ಚು ದೂರ ಹೋದರೋ ಅವರು ಗೆದ್ದಂತೆ. ಸುತ್ತುತ್ತ ಸುತ್ತುತ್ತ ಒಬ್ಬೊಬ್ಬರೇ ಬಿಟ್ಟುಹೋಗಿ, ಸಂಜೆಯ ಹೊತ್ತಿಗೆ ಉಳಿದವರು ಇಬ್ಬರೇ. ಆಸ್ಟ್ರಿಯಾದ ಅಡಾಲ್ಫ್ ಶ್ಮಾಲ್ 314.997 ಕಿಲೋಮೀಟರ್. ಕೀಪಿಂಗ್ 314.664.

ನಾನು ಕ್ಯಾಲ್ಕುಲೇಟರ್ ಹಿಡಿದು ಕೂತು ಭಾಗಿಸಿ ನೋಡಿದೆ. ಶ್ಮಾಲ್ 945 ಸುತ್ತು, ಕೀಪಿಂಗ್ 944. ಸುತ್ತಿಗೆ ಸರಾಸರಿ 46 ಸೆಕೆಂಡಿಗಿಂತ ಸ್ವಲ್ಪ ಕಮ್ಮಿ. ದೂರ ಎಷ್ಟೆಂದು ಅಂದಾಜಾಗಬೇಕಾದರೆ, ಶೃಂಗೇರಿಯಲ್ಲಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನಲ್ಲಿ ಇಳಿಯುತ್ತೇವಲ್ಲ, ಹೆಚ್ಚುಕಡಿಮೆ ಅಷ್ಟು. ಅಷ್ಟನ್ನೂ ಒಂದೇ ಜಾಗದಲ್ಲಿ, ಗಾಣದ ಎತ್ತಿನ ಹಾಗೆ. ಇನ್ನೊಂದು ವಿಷಯ ನನ್ನನ್ನು ಬಹಳ ದಿನ ಬಿಡಲಿಲ್ಲ. ಸರಿಯಾಗಿ ಒಂದು ಸುತ್ತಿನ ಅಂತರ ಎಂದರೆ ಇಬ್ಬರೂ ಕಣದ ಒಂದೇ ಜಾಗದಲ್ಲಿದ್ದಾರೆ ಎಂದೇ ಅರ್ಥ. ಹೊಸದಾಗಿ ಬಂದು ನಿಂತವರ ಕಣ್ಣಿಗೆ ಅವರು ಜೊತೆಜೊತೆಯಾಗಿ ಹೋಗುತ್ತಿದ್ದಾರೆ. ಯಾರು ಮುಂದೆ, ಯಾರು ಹಿಂದೆ ಎಂಬುದು ಕಾಗದದ ಮೇಲೆ ಗೆರೆ ಎಳೆಯುತ್ತ ಕೂತವನಿಗೆ ಮಾತ್ರ ಗೊತ್ತು.

ಈ ಕೀಪಿಂಗ್ ಕ್ರೀಡಾಪಟುವಾಗಿ ಗ್ರೀಸಿಗೆ ಹೋದವನಲ್ಲ. ಇಂಗ್ಲೆಂಡಿನ ದಕ್ಷಿಣ ತೀರದ ಹ್ಯಾಂಪ್‌ಶೈರಿನ ಪೆನ್ನಿಂಗ್ಟನ್ ಎಂಬ ಊರಿನವನು, 1867ರಲ್ಲಿ ಹುಟ್ಟಿದವನು. ಅಥೆನ್ಸಿನಲ್ಲಿ ಅವನು ಇದ್ದದ್ದು ಬ್ರಿಟಿಷ್ ರಾಯಭಾರ ಕಚೇರಿಯ ಆಳಾಗಿ. ಅವನ ಜೊತೆಗೆ ಎಡ್ವರ್ಡ್ ಬ್ಯಾಟೆಲ್ ಎಂಬ ಇನ್ನೊಬ್ಬ, ಅವನೂ ಅಲ್ಲಿಯದೇ ಆಳು. ಊರಲ್ಲೇ ಒಲಿಂಪಿಕ್ಸ್ ನಡೆಯುತ್ತಿದೆ, ಇಬ್ಬರಿಗೂ ಸೈಕಲ್ ತುಳಿಯಲು ಬರುತ್ತದೆ, ಹೆಸರು ಕೊಟ್ಟರು. ಕಣದ ಒಂದು ಸುತ್ತನ್ನು ಒಬ್ಬೊಬ್ಬರಾಗಿ ಗಡಿಯಾರಕ್ಕೆ ಎದುರಾಗಿ ಓಡಿಸುವ ಸ್ಪರ್ಧೆಯಲ್ಲಿ ಬ್ಯಾಟೆಲ್ ನಾಲ್ಕನೆಯವನಾದ, ಕೀಪಿಂಗ್ ಅವನ ಬೆನ್ನಿಗೇ ಬಂದ. ಅಥೆನ್ಸಿನಿಂದ ಮ್ಯಾರಥಾನಿಗೆ ಹೋಗಿ, ಅಲ್ಲಿ ಸಹಿ ಹಾಕಿ ವಾಪಸ್ ಬರುವ 87 ಕಿಲೋಮೀಟರಿನ ರಸ್ತೆ ಸ್ಪರ್ಧೆಯಲ್ಲಿ ಬ್ಯಾಟೆಲ್ ಮೂರನೆಯವನು. ಅದರ ಮಾರನೆಯ ದಿನವೇ ಕೀಪಿಂಗನ ಈ ಹನ್ನೆರಡು ಗಂಟೆ. ಅಂದಹಾಗೆ ಆ ಕೂಟದಲ್ಲಿ ದೋಣಿ ಸ್ಪರ್ಧೆಗಳು ನಡೆಯಲೇ ಇಲ್ಲ, ಗಾಳಿ ಜೋರಾಗಿ ಸಮುದ್ರ ಕೆಟ್ಟಿತ್ತೆಂದು ರದ್ದು ಮಾಡಿದರು. ಸೈಕಲ್ ರದ್ದಾಗಲಿಲ್ಲ.

ನನ್ನ ಪಿಎಚ್‌ಡಿಗೂ ಸೈಕಲ್ಲಿಗೂ ಸಂಬಂಧವಿಲ್ಲ. ಶೃಂಗೇರಿ, ಕೊಪ್ಪ, ಎನ್.ಆರ್.ಪುರ ಕಡೆಯ ಅಡಿಕೆ ತೋಟದ ದೊಡ್ಡಮನೆಗಳಲ್ಲಿ ಕೆಲಸಕ್ಕಿದ್ದವರ ಲೆಕ್ಕಪತ್ರಗಳು ನನ್ನ ವಿಷಯ. ಅಟ್ಟದ ಮೇಲಿನ ಲೆಕ್ಕದ ಪುಸ್ತಕಗಳನ್ನು ಬೇಡಿ ಕಾಡಿ ಇಳಿಸಿಕೊಂಡು, ಒರಲೆ ತಿಂದು ಉಳಿದದ್ದನ್ನು ಓದುವುದು. ಅಡಿಕೆ ಎಷ್ಟು ಮಣ, ಮಂಡಿಯಲ್ಲಿ ಯಾವ ದರ, ಗೊಬ್ಬರಕ್ಕೆ ಎಷ್ಟು, ಎಲ್ಲ ಅಚ್ಚುಕಟ್ಟಾಗಿ ಸಿಗುತ್ತದೆ. ಎತ್ತುಗಳ ಹೆಸರೂ ಸಿಗುತ್ತದೆ. ಆಳುಗಳದ್ದು ಮಾತ್ರ ಸಂಖ್ಯೆ: ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು. ಇದರ ಪಕ್ಕ ಇಡಲು ಬೇರೆ ಕಡೆಯ ಮನೆಯಾಳುಗಳ ಬಗ್ಗೆ ಓದುತ್ತಿದ್ದಾಗ ಎಲ್ಲೋ ಎರಡು ಸಾಲಿನಲ್ಲಿ ಕೀಪಿಂಗ್ ಸಿಕ್ಕ. ಒಬ್ಬ ಆಳಿನ ಒಂದು ದಿನದ ದುಡಿಮೆಯನ್ನು ಮೀಟರಿನವರೆಗೆ ಅಳೆದು ಬರೆದಿಟ್ಟಿದ್ದಾರೆ ಎಂಬುದೇ ನನಗೆ ಮೊದಲು ಆಶ್ಚರ್ಯವಾದದ್ದು.

ನಮ್ಮೂರು ಬೇಗಾರು. ನಾನು ಸೇರಿದ ಹೊಸತರಲ್ಲಿ ಗೈಡು ನನ್ನ ಅರ್ಜಿ ನೋಡಿ, "ಬೇಗಾರಿನಿಂದ ಬಂದು ಬೇಗಾರಿಯ ಮೇಲೇ ಸಂಶೋಧನೆ ಮಾಡ್ತೀಯೇನಮ್ಮ" ಎಂದು ನಕ್ಕಿದ್ದರು. ಬಿಟ್ಟಿ ಬೇಗಾರಿ ಎನ್ನುತ್ತೇವಲ್ಲ, ಕೂಲಿ ಕೊಡದೆ ಮಾಡಿಸಿಕೊಳ್ಳುವ ಕೆಲಸ, ಆ ಬೇಗಾರಿ. ಊರಿನ ಹೆಸರಿಗೆ ಆ ನಂಟು ಕಟ್ಟಲು ನಾನು ಸಿದ್ಧಳಿಲ್ಲ. ಆದರೆ ತಮಾಷೆ ಮಾತ್ರ ವಿಭಾಗದಲ್ಲಿ ಉಳಿದುಕೊಂಡಿತು.

ಕೀಪಿಂಗ್ ಮತ್ತು ಬ್ಯಾಟೆಲ್ ಹೆಸರು ಕೊಟ್ಟಾಗ ಆಕ್ಷೇಪ ಎತ್ತಿದವರು ಗ್ರೀಕರಲ್ಲ. ಅಥೆನ್ಸಿನಲ್ಲಿದ್ದ ಇಂಗ್ಲಿಷರಲ್ಲೇ ಕೆಲವರು. ಇವರಿಬ್ಬರೂ ಹವ್ಯಾಸಿಗಳಲ್ಲ, ಆದ್ದರಿಂದ ಸೇರಿಸಬಾರದು ಎಂಬುದು ವಾದ. ಸೈಕಲ್ ತುಳಿದು ದುಡ್ಡು ತಗೊಂಡಿದ್ದಾರೆ ಎಂದಲ್ಲ. ಬದುಕಲು ಕೆಲಸ ಮಾಡುತ್ತಾರೆ, ಅದರಲ್ಲೂ ಇನ್ನೊಬ್ಬರ ಮನೆಯ ಕೆಲಸ, ಹಾಗಾಗಿ ಇವರು ಗೃಹಸ್ಥರಲ್ಲ, ಗೃಹಸ್ಥರಲ್ಲದವರು ಹವ್ಯಾಸಿಗಳಾಗುವುದು ಹೇಗೆ? ತರ್ಕ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ.

ಇದು ಯಾರೋ ನಾಲ್ಕು ಜನ ಗತ್ತಿನವರ ತಲೆಯಲ್ಲಿ ಹುಟ್ಟಿದ್ದೂ ಅಲ್ಲ. ಇಂಗ್ಲೆಂಡಿನ ಹೆನ್ಲಿ ಎಂಬಲ್ಲಿ ಪ್ರತಿವರ್ಷ ದೊಡ್ಡ ದೋಣಿ ಸ್ಪರ್ಧೆ ನಡೆಯುತ್ತದೆ. 1879ರಲ್ಲಿ ಅವರು ಹವ್ಯಾಸಿ ಯಾರು ಎಂದು ನಿಯಮ ಬರೆದರು. ಹಣಕ್ಕಾಗಿ ಹುಟ್ಟು ಹಾಕಿದವನು ಹವ್ಯಾಸಿಯಲ್ಲ, ಸರಿ. ಜೊತೆಗೆ, ಕೂಲಿ ಪಡೆಯುವ ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಯಾಳು ಇವರೂ ಅಲ್ಲ. ದೋಣಿಗೂ ಅವರ ಕೆಲಸಕ್ಕೂ ಸಂಬಂಧವೇ ಬೇಡ. ಗಾರೆ ಕೆಲಸ ಮಾಡಿದ ಕೈ ಹುಟ್ಟು ಹಿಡಿಯುವಂತಿಲ್ಲ. ಮುಂದೆ ದೋಣಿ ಸಂಘದವರು ಊಳಿಗದವರನ್ನೂ ಆ ಪಟ್ಟಿಗೆ ಸೇರಿಸಿದರು. 1920ರಲ್ಲಿ ಅಮೆರಿಕದ ಜಾನ್ ಕೆಲ್ಲಿ ಹೆನ್ಲಿಗೆ ಹೆಸರು ಕಳಿಸಿದಾಗ ತಿರಸ್ಕರಿಸಿದರು. ಅವನು ಇಟ್ಟಿಗೆ ಕಟ್ಟುವವನಾಗಿ ದುಡಿದವನು. ಅವನ ಕ್ಲಬ್ಬಿನ ಮೇಲೆ ಹಳೆಯ ಸಿಟ್ಟೂ ಇತ್ತು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಅವನು ಇಂಗ್ಲೆಂಡಿನ ಜ್ಯಾಕ್ ಬೆರೆಸ್‌ಫರ್ಡನನ್ನು ಸೋಲಿಸಿ ಚಿನ್ನ ಗೆದ್ದ. (ಸಿನಿಮಾ ನಟಿ ಗ್ರೇಸ್ ಕೆಲ್ಲಿ ಇವನ ಮಗಳು.) 1936ರಲ್ಲಿ ಆಸ್ಟ್ರೇಲಿಯಾದಿಂದ ಬಂದ ದೋಣಿ ತಂಡದವರು ಪೊಲೀಸರು ಎಂಬ ಕಾರಣಕ್ಕೆ ಹೊರಗುಳಿಯಬೇಕಾಯಿತು. ಅದಾದ ಮರುವರ್ಷ ನಿಯಮ ಹೋಯಿತು. ಸುಮಾರು ಅರವತ್ತು ವರ್ಷ ಬಾಳಿದ ನಿಯಮ!

ಅಥೆನ್ಸಿನಲ್ಲಿ ಅದೇ ವಾರ ಇನ್ನೊಂದು ಕಡೆ ಏನಾಯಿತು ನೋಡಿ. ಮ್ಯಾರಥಾನ್ ಗೆದ್ದ ಸ್ಪಿರಿಡಾನ್ ಲೂಯಿಸ್ ಮರೂಸಿ ಎಂಬ ಹಳ್ಳಿಯವನು, ನೀರು ಹೊತ್ತು ಮಾರುತ್ತಿದ್ದವನು. ಗ್ರೀಕರು ಅವನನ್ನು ತಲೆಯ ಮೇಲೆ ಹೊತ್ತು ಕುಣಿದರು. ಕತ್ತಿವರಸೆಯಲ್ಲಂತೂ ಹೇಳಿಕೊಡುವ ಗುರುಗಳಿಗೆಂದೇ, ಅಂದರೆ ಅದನ್ನೇ ಕಸುಬು ಮಾಡಿಕೊಂಡವರಿಗೆಂದೇ, ಬೇರೆ ಸ್ಪರ್ಧೆ ಇಟ್ಟಿದ್ದರು. ಕತ್ತಿ ಹಿಡಿಯುವುದನ್ನು ಕಲಿಸಿ ಸಂಬಳ ತಗೊಂಡರೆ ಪರವಾಗಿಲ್ಲ, ಮನೆಗೆಲಸದ ಸಂಬಳ ತಗೊಂಡು ಸೈಕಲ್ ತುಳಿದರೆ ಮೈಲಿಗೆ. ಇನ್ನು ಇಂಗ್ಲಿಷರಲ್ಲಿ ಜಾರ್ಜ್ ರಾಬರ್ಟ್‌ಸನ್ ಎಂಬ ಆಕ್ಸ್‌ಫರ್ಡಿನ ಹುಡುಗನಿದ್ದ. ತಟ್ಟೆ ಎಸೆದ, ಗೆಲ್ಲಲಿಲ್ಲ. ಆದರೆ ಪ್ರಾಚೀನ ಗ್ರೀಕ್ ಭಾಷೆಯಲ್ಲಿ, ಪಿಂಡಾರನ ಧಾಟಿಯಲ್ಲಿ ಒಂದು ಪ್ರಶಂಸಾಗೀತೆ ಬರೆದು ಸಮಾರೋಪದ ದಿನ ದೊರೆಯ ಎದುರು ಓದಿದ. ಆ ಕೂಟದ ಬಗ್ಗೆ ಎಲ್ಲಿ ಓದಿದರೂ ಈ ಪ್ರಸಂಗ ಬರುತ್ತದೆ. ನನಗೆ ರಾಬರ್ಟ್‌ಸನ್ ಮೇಲೆ ಕೋಪವೇನಿಲ್ಲ. ಸತ್ತ ಭಾಷೆಯಲ್ಲಿ ಪದ್ಯ ಕಟ್ಟುವುದು ಹನ್ನೆರಡು ಗಂಟೆ ಸೈಕಲ್ ತುಳಿಯುವುದಕ್ಕಿಂತ ಸುಲಭ ಎಂದು ಪಿಎಚ್‌ಡಿ ಮಾಡುವವರು ಯಾರೂ ಹೇಳಲಾರರು.

ಈ ಹವ್ಯಾಸಿ ಎಂಬ ಮಾತು ನಮ್ಮಲ್ಲಿಗೂ ಬಂತು. ಗುಬ್ಬಿ ಕಂಪನಿ 1884ರಿಂದ ಊರೂರು ಸುತ್ತಿ ನಾಟಕವಾಡಿ ಹೊಟ್ಟೆ ಹೊರೆದರೆ, ಬೆಂಗಳೂರಿನ ಓದಿದವರು 1909ರಲ್ಲಿ ಅಮೆಚೂರ್ ಡ್ರಾಮ್ಯಾಟಿಕ್ ಅಸೋಸಿಯೇಷನ್ ಕಟ್ಟಿದರು. ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಎಂದು ನಾವು ಪರೀಕ್ಷೆಗೆ ಬರೆದದ್ದು ಅದೇ. ಹವ್ಯಾಸಿ ಎಂದಾಗ ಅಭಿರುಚಿ, ಸಾಹಿತ್ಯ; ವೃತ್ತಿ ಎಂದಾಗ ಝಗಮಗ, ಟಿಕೆಟ್ಟು. ಆದರೆ ನಮ್ಮೂರ ಕಡೆ ಯಕ್ಷಗಾನದಲ್ಲಿ ಈ ಲೆಕ್ಕ ತಿರುಗುಮುರುಗು. "ಅವ ಮೇಳದವ" ಎಂದರೆ ಗೌರವ. ತಿರುಗಾಟದ ದಿನಗಳಲ್ಲಿ ರಾತ್ರಿಯಿಡೀ ಕುಣಿದು ಕೂಲಿ ತಗೊಂಡು, ಮಳೆಗಾಲದಲ್ಲಿ ಗದ್ದೆಗಿಳಿಯುವವನ ಹೆಜ್ಜೆಗೇ ಬೆಲೆ. "ಹವ್ಯಾಸಿ ವೇಷ" ಎಂದರೆ, ಪಾಪ ಏನೋ ಮಾಡ್ತಾನೆ ಬಿಡಿ ಎಂಬ ದನಿ. ದುಡ್ಡು ಮುಟ್ಟಿದ್ದಕ್ಕೆ ಭೀಮನ ವೇಷದ ಗತ್ತು ಕಡಿಮೆಯಾಯಿತು ಎಂದು ಚೌಕಿಯ ಎದುರು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಕೀಪಿಂಗ್ ಅಥೆನ್ಸಿನಲ್ಲಿ ಸುತ್ತುತ್ತಿದ್ದ ಕಾಲಕ್ಕೆ ಬ್ರಿಟನ್ನಿನ ನಿಜವಾದ ಸೈಕಲ್ ಕಲಿಗಳು ಅಲ್ಲಿ ಇರಲೇ ಇಲ್ಲ. ಅವರು ದುಡ್ಡಿಗೆ ತುಳಿಯುವವರು. ವೇಲ್ಸಿನ ಕಲ್ಲಿದ್ದಲ ಕಣಿವೆಯ ಅಬರಮಾನ್ ಎಂಬ ಊರಿನ ಆರ್ಥರ್ ಲಿಂಟನ್ ಗಣಿಯಲ್ಲಿ ದುಡಿದು ಸೈಕಲ್ಲಿಗೆ ಬಂದವನು. 1896ರ ಮೇ ತಿಂಗಳಲ್ಲಿ ಬೋರ್ಡೋದಿಂದ ಪ್ಯಾರಿಸ್ಸಿಗೆ ನಡೆದ ದೊಡ್ಡ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಹಂಚಿಕೊಂಡ, ಜುಲೈಯಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡ. ಅದೇ ಊರಿನ ಪುಟ್ಟ ಆಳ್ತನದ ಜಿಮ್ಮಿ ಮೈಕೆಲ್ 1895ರಲ್ಲಿ ಕಲೋನ್ ನಗರದಲ್ಲಿ ವಿಶ್ವ ಚಾಂಪಿಯನ್ ಆದ, ಅಮೆರಿಕಕ್ಕೆ ಹೋಗಿ ಹಣ ಮಾಡಿ ಕಳೆದುಕೊಂಡ, 1904ರಲ್ಲಿ ಹಡಗಿನಲ್ಲೇ ಸತ್ತ, ಮೂವತ್ತು ದಾಟಿರಲಿಲ್ಲ. ಇವರಿಬ್ಬರ ಕಥೆಯಲ್ಲಿ ರಂಗು ಹೆಚ್ಚು, ಪುಸ್ತಕಗಳೂ ಅವರ ಬಗ್ಗೆಯೇ. ಆದರೂ ನನ್ನ ಮನಸ್ಸು ಕೀಪಿಂಗನ ಕಡೆಗೇ ವಾಲುತ್ತದೆ. ಲಿಂಟನ್, ಮೈಕೆಲ್ಲರಿಗೆ ಸೈಕಲ್ಲು ಗಣಿಯಿಂದ, ಬಡತನದಿಂದ ಹೊರಗೆ ಬರುವ ದಾರಿ. ಅದನ್ನು ನಾವು ಸುಲಭವಾಗಿ ಅರ್ಥ ಮಾಡಿಕೊಳ್ಳುತ್ತೇವೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಸೈಕ್ಲಿಸ್ಟ್ ಮಕ್ಕಳು ಬಿಸಿಲಲ್ಲಿ ಹೆದ್ದಾರಿಯ ಅಂಚಿಗೆ ತಲೆ ತಗ್ಗಿಸಿ ತುಳಿಯುವಾಗ ಅವರ ಅಪ್ಪ ಅಮ್ಮಂದಿರ ಕಣ್ಣಲ್ಲಿ ರೈಲ್ವೆ ಕೆಲಸವೋ ಸೇನೆಯ ಕೆಲಸವೋ ಇರುತ್ತದೆ, ಇರಬೇಕಾದದ್ದೇ. ಕೀಪಿಂಗನಿಗೆ 944 ಸುತ್ತಿನ ಕೊನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಆಳು ಆಟವನ್ನು ಆಟಕ್ಕಾಗಿಯೇ ಆಡುತ್ತಾನೆ ಎಂಬುದನ್ನು ನಂಬಲು ಆ ಇಂಗ್ಲಿಷರಿಗೆ ಯಾಕೆ ಅಷ್ಟು ಕಷ್ಟವಾಯಿತು?

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮೂರಿಗೆ ಸೈಕಲ್ ಸರ್ಕಸ್ ಬಂದಿತ್ತು. ಮೂವತ್ತು ದಾಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಯ್ಲಾದ ಗದ್ದೆಯಲ್ಲಿ ನಡುವೆ ಒಂದು ಕಂಬ, ಕಂಬಕ್ಕೆ ಮೈಕು, ನಾಲ್ಕು ಟ್ಯೂಬ್‌ಲೈಟು, ಸುತ್ತ ಸುಣ್ಣದಲ್ಲಿ ಎಳೆದ ಗೆರೆ. ಆ ಗೆರೆಯೊಳಗೆ ಒಬ್ಬ ಐದು ದಿನ ಐದು ರಾತ್ರಿ ಸೈಕಲ್ಲಿನಿಂದ ಇಳಿಯದೆ ಸುತ್ತುತ್ತಾನೆ. ಹಲ್ಲುಜ್ಜುವುದು, ಮೀಯುವುದು, ಅಂಗಿ ಬದಲಿಸುವುದು, ಉಣ್ಣುವುದು ಎಲ್ಲ ಸೈಕಲ್ಲಿನ ಮೇಲೆಯೇ. ಯಾರೋ ಕೊಡದಲ್ಲಿ ನೀರು ಹಿಡಿದು ನಿಂತರೆ ಸುತ್ತಿ ಬಂದು ತಂಬಿಗೆ ಅದ್ದಿ ತಲೆಗೆ ಹೊಯ್ದುಕೊಂಡು ಮುಂದೆ ಹೋಗುತ್ತಿದ್ದ. ಸಂಜೆ ಜನ ಸೇರಿದ ಮೇಲೆ ಎದೆಗೆ ಟ್ಯೂಬ್‌ಲೈಟು ಒಡೆದುಕೊಳ್ಳುವುದು, ಹಿಮ್ಮುಖವಾಗಿ ಕೂತು ತುಳಿಯುವುದು, ನೆಲದ ಮೇಲಿನ ನೋಟನ್ನು ಬಾಗಿ ಹಲ್ಲಿನಲ್ಲಿ ಎತ್ತುವುದು. ಅವನ ಹೆಂಡತಿಯೇ ಇರಬೇಕು, ಒಬ್ಬಾಕೆ ಸಿನಿಮಾ ಹಾಡಿಗೆ ಕುಣಿಯುತ್ತಿದ್ದಳು. ಹಗಲು ಆಕೆಯೇ ಗದ್ದೆಯ ಅಂಚಿನಲ್ಲಿ ಮೂರು ಕಲ್ಲಿಟ್ಟು ಅನ್ನ ಬೇಯಿಸುತ್ತಿದ್ದಳು.

ಅವನು ರಾತ್ರಿ ಇಳಿದು ಮಲಗುತ್ತಾನೆ ಎಂಬುದು ಶಾಲೆಯ ಗಂಡುಹುಡುಗರ ಖಚಿತ ಅಭಿಪ್ರಾಯ. ಮೂರನೇ ರಾತ್ರಿ ನನ್ನ ಮಾವ ನನ್ನನ್ನೂ ಅಣ್ಣನನ್ನೂ ಬ್ಯಾಟರಿ ಹಿಡಿದು ಕರಕೊಂಡು ಹೋದರು, ಎರಡು ಗಂಟೆಯೋ ಮೂರು ಗಂಟೆಯೋ. ಮಂಜು ಬಿದ್ದಿತ್ತು. ಮೈಕು ಮಲಗಿತ್ತು, ಒಂದೇ ಟ್ಯೂಬ್‌ಲೈಟು ಉರಿಯುತ್ತಿತ್ತು. ಅವನು ಸುತ್ತುತ್ತಿದ್ದ. ತುಂಬಾ ನಿಧಾನ, ಬಿದ್ದೇಬಿಟ್ಟ ಎನ್ನುವಷ್ಟು ನಿಧಾನ, ಹೆಗಲಿಗೆ ಕಂಬಳಿ, ತಲೆ ಎದೆಗೆ ಇಳಿದಿತ್ತು. ಚಕ್ರ ಓಡಿ ಓಡಿ ನೆಲ ಕೊರೆದು ಸಣ್ಣ ಕಾಲುವೆಯಂತಾಗಿತ್ತು, ಸೈಕಲ್ಲು ಅದರೊಳಗೆ ತಾನಾಗಿಯೇ ಹೋಗುತ್ತಿತ್ತು. ಮಾವ, "ಸಾಕು ಬನ್ನಿ, ಮಾತಾಡಬೇಡಿ" ಎಂದರು.

ಕೊನೆಯ ದಿನ ಅಂಗಿ ತುಂಬ ಪಿನ್ನು ಚುಚ್ಚಿದ ಹತ್ತು, ಇಪ್ಪತ್ತರ ನೋಟುಗಳು. ಹಾರ, ಟವೆಲು. ಮೈಕಿನಲ್ಲಿ ಒಂದೊಂದು ನೋಟಿಗೂ ಕೊಟ್ಟವರ ಹೆಸರು, ಮನೆತನದ ಹೆಸರು ಎಲ್ಲ ಕೂಗಿ ಹೇಳಿದರು. ಅವನನ್ನು ಐದು ದಿನವೂ ಸೈಕಲ್ ಮಾಸ್ಟರ್ ಎಂದೇ ಕರೆದರು. ಕೀಪಿಂಗ್ ಬಗ್ಗೆ ಓದುವಾಗ ನನಗೆ ಮೊದಲು ಕಣ್ಣಿಗೆ ಬಂದದ್ದು ಆ ಮಂಜಿನ ರಾತ್ರಿ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಬ್ಬ ಹೊಟ್ಟೆಪಾಡಿಗೆ ಸುತ್ತಿದ, ಇನ್ನೊಬ್ಬ ಹೊಟ್ಟೆಪಾಡಿನ ಕೆಲಸ ಬದಿಗಿಟ್ಟು ಸುತ್ತಿದ. ಹೆನ್ಲಿಯ ನಿಯಮದ ಪ್ರಕಾರ ಇಬ್ಬರೂ ಹೊರಗಿನವರು ಎಂಬಲ್ಲಿ ಮಾತ್ರ ಒಂದೇ.

ನನ್ನಜ್ಜ, ಅಮ್ಮನ ಅಪ್ಪ, ಒಂದು ತೋಟದ ಮನೆಯಲ್ಲಿ ಪೇಟೆ ಕೆಲಸದ ಆಳಾಗಿದ್ದರು. ಟಪಾಲು, ಸೊಸೈಟಿ, ಔಷಧಿ ಅಂಗಡಿ, ಶೃಂಗೇರಿಯಲ್ಲಿ ಓದುತ್ತಿದ್ದ ಒಡೆಯರ ಮಕ್ಕಳಿಗೆ ಬುತ್ತಿ. ಇದಕ್ಕೆಲ್ಲ ಆ ಮನೆಯ ಒಂದು ರ‍್ಯಾಲಿ ಸೈಕಲ್ಲಿತ್ತು. ಏರು ಬಂದಲ್ಲಿ ಎಲ್ಲರೂ ಇಳಿದು ತಳ್ಳುತ್ತಿದ್ದರೆ ಅಜ್ಜ ಇಳಿಯುತ್ತಿರಲಿಲ್ಲವಂತೆ, ಬುತ್ತಿ ಆರುವುದರೊಳಗೆ ಮುಟ್ಟಿಸುತ್ತಿದ್ದರಂತೆ. ಸಂಜೆ ಸೈಕಲ್ಲನ್ನು ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಆ ಮನೆಯ ಕೊಟ್ಟಿಗೆಯಲ್ಲಿ ನಿಲ್ಲಿಸಿ ಮನೆಗೆ ನಡೆದು ಬರುತ್ತಿದ್ದರು. ಬೆಳಿಗ್ಗೆ ಮತ್ತೆ ನಡೆದು ಹೋಗಿ ಸೈಕಲ್ ತೆಗೆಯುವುದು. "ಒಂದು ದಿನನಾದ್ರೂ ಮನೆಗೆ ತಂದಿದ್ರಾ?" ಎಂದು ಅಮ್ಮನನ್ನು ಕೇಳಿದೆ. "ಎಂತಕ್ಕೆ ತರ್ತಾರೆ ಮಾರಾಯ್ತಿ, ಅದು ಅವ್ರ ಮನೇದಲ್ವನೇ" ಎಂದರು ಅಮ್ಮ, ನಾನೇ ಏನೋ ವಿಚಿತ್ರ ಕೇಳಿದ ಹಾಗೆ.

ನಾನು ಎಂಟನೇ ಕ್ಲಾಸಿಗೆ ಬಂದಾಗ ಎಲ್ಲರಿಗೂ ಕೊಟ್ಟಂತೆ ಸರ್ಕಾರದ ಸೈಕಲ್ ನನಗೂ ಬಂತು. 2006-07ರಿಂದ ಶುರುವಾದ ಯೋಜನೆ ಅದು. ನಮ್ಮ ಮನೆಗೆ ಬಂದ ಮೊದಲ ಸೈಕಲ್. ಬಂದ ವಾರ ಬ್ರೇಕು ಸರಿಯಿಲ್ಲ, ಸೀಟು ಅಲ್ಲಾಡುತ್ತದೆ ಎಂದು ಅಜ್ಜ ಸ್ಪ್ಯಾನರ್ ಹಿಡಿದು ಕೂತರು. ಆಗ ಅವರಿಗೆ ಎಪ್ಪತ್ತರ ಮೇಲೆ. ಸರಿಮಾಡಿದ ಮೇಲೆ ಪಂಚೆ ಎತ್ತಿ ಕಟ್ಟಿ ಹತ್ತಿಯೇಬಿಟ್ಟರು. ಅಂಗಳದಲ್ಲಿ ಅಡಿಕೆ ಒಣಗಿಸುವಷ್ಟು ಜಾಗ, ತುಳಸಿಕಟ್ಟೆಯನ್ನು ಸುತ್ತು ಹಾಕಿದರು. ಮಾರನೆಯ ದಿನದಿಂದ ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದರು. ಚಹಾ ಕುಡಿದು, ಸೈಕಲ್ ತಗೊಂಡು ರಸ್ತೆಗೆ. ಪಕ್ಕದ ಮನೆಯವರಿಗೆ ಇದು ಅರ್ಥವಾಗಲಿಲ್ಲ.

"ಯಾವ ಕಡೆ ಸವಾರಿ? ಪೇಟೆಗಾ?"

"ಅಲ್ಲ."

"ಮತ್ತೆ ಎಂತ ತರೂಕೆ?"

"ಎಂತದೂ ಇಲ್ಲ."

ಎಂತದೂ ಇಲ್ಲದೆ ಸೈಕಲ್ ಹತ್ತಿದ್ದು ಅವರ ಜೀವನದಲ್ಲಿ ಅದೇ ಮೊದಲು. ಎರಡು ವರ್ಷ ಹೀಗೆ ನಡೆಯಿತು, ಮಳೆಗಾಲ ಬಿಟ್ಟು. ಎಷ್ಟು ದೂರ ಹೋಗಿ ಬರುತ್ತಿದ್ದರೋ ಯಾರೂ ಅಳೆಯಲಿಲ್ಲ. ಒಮ್ಮೆ ಆಗುಂಬೆ ರಸ್ತೆಯಲ್ಲಿ ಬಹಳ ಮುಂದೆ ಅವರನ್ನು ಕಂಡೆ ಎಂದು ಬಸ್ಸಿನ ಕಂಡಕ್ಟರ್ ಹೇಳಿ, ಅಮ್ಮ ರಂಪ ಮಾಡಿದ್ದು ನೆನಪಿದೆ.

ನನ್ನ ಸ್ಥಿತಿ ಇದಕ್ಕೆ ಉಲ್ಟಾ. ನಾನು ಫೆಲೋಶಿಪ್ಪಿನಲ್ಲಿ ಬದುಕುವವಳು. ಊರಿಗೆ ಹೋದಾಗ, "ಓದೋಕೂ ದುಡ್ಡು ಕೊಡ್ತಾರನೇ? ಮತ್ತೆ ಕೆಲಸ ಯಾವಾಗ?" ಎಂದು ಕೇಳುತ್ತಾರೆ. ಇಪ್ಪತ್ತೆಂಟು ತುಂಬಿದ ಹುಡುಗಿ ಹಳೇ ಲೆಕ್ಕದ ಪುಸ್ತಕ ಓದುತ್ತ ಕೂರುವುದು ಅವರ ಕಣ್ಣಿಗೆ ಹವ್ಯಾಸ. ಕೀಪಿಂಗನಿಗೆ ಕೆಲಸ ಇದ್ದದ್ದಕ್ಕೆ ಅವನ ಆಟ ಆಟವಲ್ಲ ಎಂದರು, ನನಗೆ ಇಷ್ಟವಿದೆ ಎಂಬುದಕ್ಕೆ ನನ್ನ ಕೆಲಸ ಕೆಲಸವಲ್ಲ ಎನ್ನುತ್ತಾರೆ. ಒಡೆಯರ ಮನೆಯ ಮಗ ವಿದೇಶಕ್ಕೆ ಹೋಗಿ ಇದನ್ನೇ ಓದಿದ್ದರೆ ಕೆಲಸ ಯಾವಾಗ ಎಂದು ಯಾರೂ ಕೇಳುತ್ತಿರಲಿಲ್ಲ. ಬಿಡುವು ಯಾರ ಪಿತ್ರಾರ್ಜಿತ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ.

ಆಕ್ಷೇಪಕ್ಕೆ ಅಥೆನ್ಸಿನಲ್ಲಿ ಯಾರೂ ಸೊಪ್ಪು ಹಾಕಲಿಲ್ಲ, ಇಬ್ಬರೂ ತುಳಿದರು. ಆ ವರ್ಷ ಚಿನ್ನದ ಪದಕ ಇರಲಿಲ್ಲ. ಮೊದಲನೆಯವರಿಗೆ ಬೆಳ್ಳಿ, ಎರಡನೆಯವರಿಗೆ ಕಂಚು, ಮೂರನೆಯವರಿಗೆ ಏನೂ ಇಲ್ಲ. ಹಾಗಾಗಿ ಕೀಪಿಂಗನಿಗೆ ಒಂದು ಪದಕ ಸಿಕ್ಕಿತು, ಬ್ಯಾಟೆಲ್ ಬರಿಗೈಯಲ್ಲಿ ಹೋದ. ಬಹಳ ಕಾಲದ ನಂತರ ಒಲಿಂಪಿಕ್ ಸಮಿತಿ ಹಳೆಯ ಫಲಿತಾಂಶಗಳನ್ನು ಈಗಿನ ಚಿನ್ನ, ಬೆಳ್ಳಿ, ಕಂಚಿಗೆ ಹೊಂದಿಸಿತು. ಈಗ ಬ್ರಿಟನ್ನಿನ ಪದಕಪಟ್ಟಿಯಲ್ಲಿ ಈ ಇಬ್ಬರು ಆಳುಗಳ ಬೆಳ್ಳಿ ಮತ್ತು ಕಂಚು ಲೆಕ್ಕಕ್ಕಿವೆ. ಹನ್ನೆರಡು ಗಂಟೆಯ ಸ್ಪರ್ಧೆಯನ್ನು ಒಲಿಂಪಿಕ್ಸಿನಲ್ಲಿ ಮತ್ತೆಂದೂ ಇಡಲಿಲ್ಲ. ವೃತ್ತಿಪರ ಸೈಕಲ್ ಸವಾರರಿಗೆ ಒಲಿಂಪಿಕ್ಸಿನ ಬಾಗಿಲು ತೆರೆದದ್ದು 1996ರಲ್ಲಿ, ಅಟ್ಲಾಂಟಾದಲ್ಲಿ, ಅಥೆನ್ಸಿನ ನಂತರ ಸರಿಯಾಗಿ ನೂರು ವರ್ಷಕ್ಕೆ.

ಕೀಪಿಂಗ್ ಇಂಗ್ಲೆಂಡಿಗೆ ಮರಳಿದ. 1902ರಲ್ಲಿ ಹ್ಯಾಂಪ್‌ಶೈರಿನದೇ ಮಿಲ್‌ಫರ್ಡ್‌ನಲ್ಲಿ ಮೈಕೆಲ್ ಎಂಬ ಮಗ ಹುಟ್ಟಿದ. ಆ ಹುಡುಗ ದುಡ್ಡಿಗೇ ಆಡಿದ, ಮುಚ್ಚುಮರೆಯಿಲ್ಲದೆ. ಸೌತಾಂಪ್ಟನ್ ತಂಡಕ್ಕೆ ಫುಟ್‌ಬಾಲ್ ಆಡಿ, 1933ರಲ್ಲಿ ಫುಲ್‌ಹಮ್‌ಗೆ ಹೋಗಿ, ಕೊನೆಗೆ 1948ರಿಂದ 1950ರವರೆಗೆ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡದ ತರಬೇತುದಾರನಾದ. ಈಗಿನ ಹುಡುಗರು ಎದೆಯ ಮೇಲೆ ಹಾಕಿಕೊಂಡು ತಿರುಗುವ ಅದೇ ರಿಯಲ್ ಮ್ಯಾಡ್ರಿಡ್. ಅಪ್ಪ ತೀರಿಕೊಂಡದ್ದು 1950ರ ಫೆಬ್ರವರಿಯಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ.

ಇದನ್ನೆಲ್ಲ ಮೂರನೇ ಅಧ್ಯಾಯದಲ್ಲಿ ಎರಡು ಪುಟ ಬರೆದಿದ್ದೆ. ಗೈಡು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು, "ಅಡಿಕೆ ತೋಟದೊಳಗೆ ಇವನ ಸೈಕಲ್ ಹೇಗೆ ಬಂತಮ್ಮ" ಎಂದು ಅಂಚಿನಲ್ಲಿ ಬರೆದು ಕೊಟ್ಟರು. ಅವರು ಹೇಳುವುದೂ ಸರಿಯೇ. ಪುಟಗಳನ್ನು ತೆಗೆದೆ. ಅಡಿಟಿಪ್ಪಣಿಯಲ್ಲಿ ಒಂದು ಸಾಲು ಮಾತ್ರ ಉಳಿಸಿಕೊಂಡಿದ್ದೇನೆ: ಫ್ರೆಡ್ರಿಕ್ ಕೀಪಿಂಗ್, ಆಳು, 314.664 ಕಿ.ಮೀ. ಅದನ್ನು ಅವರು ಇನ್ನೂ ನೋಡಿಲ್ಲ.